ಅತ್ತೆಯ ಪಾಲಿನ ಹೂವಿನ ಪಾನಕ

ಅತ್ತೆ ಬದುಕಿದ್ದಾಗ ಕೊಸ್ತಾಕೆಗೆ ಒಂದು ಕಷ್ಟವಾದರೆ, ಸತ್ತ ಮೇಲೆ ಇನ್ನೊಂದು. ಬದುಕಿದ್ದಷ್ಟು ದಿನ ಆ ಅತ್ತೆ ಪರಸ್ಕೀವಾ ಅಳಿಯನ ಕೈಯಿಂದ ಒಂದು ಲೋಟ ನೀರು ಇಸಿದುಕೊಂಡವಳಲ್ಲ. ಅವನು ಟ್ರ್ಯಾಕ್ಟರ್ ರಿಪೇರಿಯವನು. ಉಗುರಿನ ಸಂದಿಯ ಗ್ರೀಸು ಯಾವ ಸಾಬೂನಿಗೂ ಜಗ್ಗುತ್ತಿರಲಿಲ್ಲ. ಅವನು ರೊಟ್ಟಿ ಮುರಿದು ಕೊಟ್ಟರೆ ಆಕೆ ಮೊದಲು ರೊಟ್ಟಿಯನ್ನು, ಆಮೇಲೆ ಅವನನ್ನು, ಕೊನೆಗೆ ಮಗಳನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದಳು. (ಕೈತಪ್ಪಿಹೋದ ಪಶುವೈದ್ಯನ ಸಂಬಂಧದ ಇಡೀ ಪುರಾಣ ಆ ನಿಟ್ಟುಸಿರಿನಲ್ಲಿರುತ್ತಿತ್ತು.) ಅಂಥ ಮಹಾತಾಯಿ ಚಳಿಗಾಲದಲ್ಲಿ ತೀರಿಕೊಂಡಳು. ಹೋಗುವ ಮುಂಚೆ ಮಗಳ ಕೈ ಹಿಡಿದು ಕೇಳಿದ್ದು ಒಂದೇ. ಬೇಸಿಗೆಯ ಹಿರಿಯರ ಶನಿವಾರದಂದು ತನ್ನ ಹೆಸರಿನಲ್ಲಿ ಎಲ್ಡರ್ ಎಂಬ ಮರದ ಹೂವಿನ ಪಾನಕ, ಅಂದರೆ ಸೊಕಾತ, ಹಂಚಬೇಕು.

ಪ್ರುತ್ ನದಿಯ ದಂಡೆಯ ಆ ಊರಿನಲ್ಲಿ ಇದು ಹುಡುಗಾಟದ ಮಾತಲ್ಲ. ಹೊಸ ಮಣ್ಣಿನ ಲೋಟದ ಹಿಡಿಗೆ ಚೆರ್ರಿ ಗೊಂಚಲು ಕಟ್ಟಿ, ಮೇಣದಬತ್ತಿ ಹಚ್ಚಿ, ನೆರೆಯವರಿಗೆ ನೀವು ಏನು ಕೊಡುತ್ತೀರೋ ಅದೇ ಅಲ್ಲಿ ಸತ್ತವರಿಗೆ ಮುಟ್ಟುತ್ತದೆ. ಒಳ್ಳೆಯದು ಕೊಟ್ಟರೆ ಒಳ್ಳೆಯದು, ಹಳಸಿದ್ದು ಕೊಟ್ಟರೆ ಹಳಸಿದ್ದು. ಮುಂದಿನ ವರ್ಷ ಹೂ ಬಿಡುವ ತನಕ ಪಾಪ, ಅವರಿಗೆ ಬೇರೆ ಗತಿಯಿಲ್ಲ.

ಸರಿಯಾಗಿ ಹೂ ಅರಳುವ ಹೊತ್ತಿಗೆ ಕೊಸ್ತಾಕೆಯ ಹೆಂಡತಿ ಅಗ್ಲಾಯಾ ಕೋಳಿಗೂಡಿನ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡಳು. ಕೈನೋವಿಗೆ ಅವಳು ಅಳಲಿಲ್ಲ. "ಅಮ್ಮ ಬಾಯಾರ್ಕೊಂಡು ಕೂತಿರ್ತಾಳೆ ಕಣ್ರೀ" ಎಂದು ಅತ್ತಳು. ಕೊಸ್ತಾಕೆ ತಾನೇ ಮಾಡುತ್ತೇನೆಂದು ಎದ್ದು ನಿಂತ. ಅವಳು ಅವನ ಉಗುರುಗಳನ್ನು ನೋಡಿದಳು. ಎಷ್ಟಾದರೂ ಆ ತಾಯಿಯ ಮಗಳು.

ಈ ಸಲ ಅತ್ತೆ ತಪ್ಪು ಹುಡುಕಲಿ ನೋಡೋಣ ಎಂದು ಅವನು ಸಂಕಲ್ಪ ಮಾಡಿದ. ಮೊಣಕೈವರೆಗೆ ಬೂದಿ ಹಾಕಿ ತಿಕ್ಕಿ ಚರ್ಮ ಕೆಂಪಾಗಿಸಿಕೊಂಡ. ಅಗ್ಲಾಯಾ ಹೇಳಿದಂತೆ, ಇಬ್ಬನಿ ಆರಿ ಬಿಸಿಲು ಏರಿದ ಮೇಲೆ, ಬೇಲಿ ಬದಿಯ ಮರದಿಂದ ಬಿಳಿ ಗೊಂಚಲುಗಳನ್ನು ಕತ್ತರಿಸಿ ಬುಟ್ಟಿ ತುಂಬಿದ. ಹಿತ್ತಲಿಗೆ ಬಂದು ನೋಡುತ್ತಾನೆ, ಅಂಗಿ ತೋಳಿನ ಮೇಲೆಲ್ಲ ಹಳದಿ ಧೂಳು, ಗೊಂಚಲಿನ ಒಳಗೆ ಸಣ್ಣ ಹುಳ. ಇದನ್ನು ಅತ್ತೆಗೆ ಕೊಡುವುದೇ? ಕೈಪಂಪಿನ ಕೆಳಗೆ ತೊಳೆದ. ಸಮಾಧಾನವಾಗದೆ, ಟ್ರ್ಯಾಕ್ಟರ್ ತೊಳೆಯುವ ಪೈಪು ಹಿಡಿದು ಮತ್ತೆ ತೊಳೆದ. ನೀರು ಕನ್ನಡಿಯಂತೆ ತಿಳಿಯಾದ ಮೇಲೆಯೇ ಹೂವನ್ನು ದೊಡ್ಡ ಗಾಜಿನ ಭರಣಿಗೆ ಹಾಕಿ, ಸಕ್ಕರೆ, ನಿಂಬೆಹೋಳು, ನೀರು ಬೆರೆಸಿ, ಬಟ್ಟೆ ಕಟ್ಟಿ, ಕಿಟಕಿಯ ಬಿಸಿಲಿನಲ್ಲಿಟ್ಟ.

ಆ ಹಳದಿ ಪರಾಗದ ಧೂಳಿನಲ್ಲೇ ಸೊಕಾತದ ಜೀವವಿರುವುದು. ಘಮವೂ ಅದರದೇ, ಹುಳಿಯೇರಿ ಗುಳ್ಳೆ ಬರುವುದೂ ಹೂವಿನ ಮೈಮೇಲೆ ಇದ್ದದ್ದರಿಂದಲೇ. ಹೂ ತೊಳೆಯಬೇಡಿ ಎಂದು ಅಗ್ಲಾಯಾ ಹೇಳಿರಲಿಲ್ಲ, ನಿಜ. ಆದರೆ ಕಾಯಿಸುವ ಮುಂಚೆ ಹಾಲನ್ನು ತೊಳೆಯಬೇಡಿ ಎಂದು ಯಾರಾದರೂ ಹೇಳುತ್ತಾರೆಯೇ?

ದಿನ ಕಳೆದರೂ ಭರಣಿಯಲ್ಲಿ ಒಂದು ಗುಳ್ಳೆಯಿಲ್ಲ. ಹೆಂಡತಿ ಕೇಳಿದಾಗಲೆಲ್ಲ ಚೆನ್ನಾಗಿ ಏಳುತ್ತಿದೆ, ಬಟ್ಟೆ ಬಿಚ್ಚಿದರೆ ಕೆಡುತ್ತದೆ ಎಂದು ಅವಳನ್ನು ಹತ್ತಿರ ಬಿಡಲಿಲ್ಲ. ಶುಕ್ರವಾರ ಧೈರ್ಯ ಕೈಕೊಟ್ಟಿತು. ರೊಟ್ಟಿ ಹಿಟ್ಟಿಗೆ ಹಾಕುವ ಯೀಸ್ಟಿನ ಗಟ್ಟಿಯನ್ನು ಇಡಿಯಾಗಿ ಅದರೊಳಗೆ ಪುಡಿಮಾಡಿ ಹಾಕಿದ. ಬೆಳಗಾಗುವಷ್ಟರಲ್ಲಿ ಭರಣಿ ನೊರೆ ಕಕ್ಕಿ ಕಿಟಕಿಯನ್ನೆಲ್ಲ ಒದ್ದೆ ಮಾಡಿತ್ತು. ಗುಳ್ಳೆಗಳೇನೋ ಬಂದಿದ್ದವು. ವಾಸನೆಯ ವಿಷಯ ಅವನು ಯೋಚಿಸಲಿಲ್ಲ.

ಚರ್ಚಿನ ಅಂಗಳದಲ್ಲಿ ಅಗ್ಲಾಯಾ ಎಡಗೈಯಿಂದಲೇ ಲೋಟಗಳನ್ನು ಹಂಚಿದಳು. "ಅಮ್ಮನ ಹೆಸರಲ್ಲಿ" ಎಂದು ಇವಳು, "ಮುಟ್ಟಲಿ" ಎಂದು ಅವರು. ಹಿರಿಯರ ಪಾಲನ್ನು ಬೇಡವೆನ್ನುವಂತಿಲ್ಲ, ಚೆಲ್ಲುವಂತಿಲ್ಲ, ಅರ್ಧಕ್ಕೆ ಬಿಡುವಂತೆಯೂ ಇಲ್ಲ. ಕೊಟ್ಟವರು ಅದರ ರುಚಿ ನೋಡುವ ಪದ್ಧತಿಯಿಲ್ಲ. ಕುಡಿದವರ ಮುಖಗಳು ಒಂದಾದ ಮೇಲೊಂದು ಗಂಭೀರವಾದವು. ಪಾದ್ರಿಯ ಹೆಂಡತಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತಳು. ಅಗ್ಲಾಯಾ ಅದನ್ನು ಭಕ್ತಿಯೆಂದೇ ತಿಳಿದಳು. ಸಂತೋಷದಿಂದ ಅವಳ ಕಣ್ಣು ತುಂಬಿ ಬಂತು. ಎಲ್ಲರೆದುರಿಗೇ ಗಂಡನ ಕೈ ಹಿಡಿದುಕೊಂಡು, "ಈ ಕೈನ ಎಷ್ಟು ಬಯ್ತಿದ್ಲು. ಇವತ್ತು ಇದೇ ಕೈಯಿಂದ ಕುಡೀತಿದಾಳೆ ನೋಡಿ" ಎಂದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಕೊಸ್ತಾಕೆಗೆ.

ಭೂಮಿಯ ಬದಲು ಬಾಯಿ ಬಿಟ್ಟವಳು ಅತ್ತೆಯ ಬಾಲ್ಯದ ಗೆಳತಿ, ಮುದುಕಿ ಜಾಂಫಿರಾ. ಲೋಟವನ್ನು ಕೊನೆಯ ಹನಿವರೆಗೆ ಮುಗಿಸಿ, ಕೋಲೂರಿಕೊಂಡು ಹತ್ತಿರ ಬಂದಳು.

"ಅಗ್ಲಾಯಾ, ಬೇಜಾರು ಮಾಡ್ಕೋಬೇಡಮ್ಮ. ನಾನು ಸತ್ತಾಗ ನನ್ನ ಹೆಸರಲ್ಲಿ ಬರೀ ಬಾವಿ ನೀರು ಕೊಡಿ, ಸಾಕು. ಅದನ್ನೂ ನೀನೇ ಸೇದು."

ಅಗ್ಲಾಯಾ ಗಂಡನ ಕಡೆ ತಿರುಗಿದಳು. ಅವನು ಅಲ್ಲೇ ಎಲ್ಲವನ್ನೂ ಒಪ್ಪಿಸಿಬಿಟ್ಟ.

"ತೊಳೆದ್ರಾ? ಹೂವನ್ನಾ?"

"ಕೊಳಕು ಅಂತ ನಿಮ್ಮಮ್ಮ ಅನ್ನಬಾರ್ದು ಅಂತ ಕಣೇ."

ಅವಳು ಬಯ್ಯಲಿಲ್ಲ. ಮನೆಯ ದಾರಿ ಹಿಡಿದಳು. ಇಡೀ ವರ್ಷ ತಾಯಿ ಅಲ್ಲಿ ಕೂತು ಅದನ್ನೇ ಗುಟುಕರಿಸಬೇಕಲ್ಲ ಎಂಬ ಸಂಕಟ ಅವಳ ಮುಖದ ಮೇಲೆ ಬರೆದಂತಿತ್ತು. ಕೊಸ್ತಾಕೆಗೂ, ನಂಬಿದರೆ ನಂಬಿ, ಅತ್ತೆಯನ್ನು ನೆನೆದು ದುಃಖವಾಯಿತು.

ಮನೆಯಲ್ಲಿ ಇನ್ನೂ ಅರ್ಧ ಭರಣಿ ಉಳಿದಿತ್ತು. ಸತ್ತವರಿಗೆಂದು ಮಾಡಿದ್ದನ್ನು ಚರಂಡಿಗೆ ಚೆಲ್ಲುವುದು ಮಹಾಪಾಪ. ಕರೆದು ಕೊಡೋಣವೆಂದರೆ ಬೀದಿಯಲ್ಲಿ ಅಷ್ಟೂ ಮನೆಯವರಿಗೆ ಒಟ್ಟಿಗೇ ಹೊಟ್ಟೆ ಕೆಟ್ಟಿತ್ತಂತೆ. ಅಗ್ಲಾಯಾ ಗಂಡನನ್ನು ಮೇಜಿನ ಮುಂದೆ ಕೂರಿಸಿದಳು. ಲೋಟ ತುಂಬಿ, ಮೇಣದಬತ್ತಿ ಹಚ್ಚಿ, ಅವನ ಮುಂದಿಟ್ಟಳು.

"ಅಮ್ಮನ ಹೆಸರಲ್ಲಿ."

"ಮುಟ್ಟಲಿ" ಎಂದು ಕೊಸ್ತಾಕೆ ಒಂದೇ ಉಸಿರಿಗೆ ಕುಡಿದ. ಹಳಸಿದ ಹಿಟ್ಟು ಕಲಸಿದ ಪಾತ್ರೆ ತೊಳೆದ ನೀರಿಗೆ ಸಕ್ಕರೆ ಹಾಕಿದಂತಿತ್ತು. ಖಾಲಿ ಲೋಟವನ್ನು ಕೆಳಗಿಟ್ಟ.

"ನಿಮ್ಮಮ್ಮ ನನ್ನ ಬಗ್ಗೆ ಹೇಳ್ತಿದ್ದದ್ದು ಸರಿ ಕಣೇ" ಎಂದ.

ತಾಯಿ ಸತ್ತ ಮೇಲೆ ಅಗ್ಲಾಯಾ ನಕ್ಕಿದ್ದು ಅದೇ ಮೊದಲು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಕೈಯಿಂದಲೇ ಭರಣಿಯನ್ನು ಬಗ್ಗಿಸಿ ಅವನಿಗೆ ಇನ್ನೊಂದು ಲೋಟ ತುಂಬಿದಳು.