ಖಾಲಿ ಲಾರಿಯ ಬಾಡಿಗೆ

ಹತ್ತೊಂಬತ್ತು ಸಾವಿರ ರೂಪಾಯಿ ಕೊಟ್ಟು ಒಂದು ಲಾರಿ ಗೊತ್ತುಮಾಡಿ, ಅದರಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಹೇರದೆ, ಅದರ ಬೆನ್ನ ಹಿಂದೆ ನನ್ನ ಕಾರನ್ನು ನಾನೇ ಓಡಿಸಿಕೊಂಡು ಹಿಮದ ಬೆಟ್ಟ ಇಳಿದವನು ನಾನು. ಯಾಕೆ ಕೊಟ್ಟೆ ಎಂದು ಕೇಳಿದರೆ, ದರ ಕಡಿಮೆ ಇತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಬಳಿ ಇಲ್ಲ. ವಿಜಯಪುರದಿಂದ ಒಂದು ಕೈಚೀಲ ಹಿಡಿದು ಪುಣೆಗೆ ಬಂದು, ಭೋಸರಿಯಲ್ಲಿ ರಬ್ಬರ್ ಪೈಪು, ಬೆಲ್ಟು ಮಾರುತ್ತ ಅಂಗಡಿ ಕಟ್ಟಿದವನಿಗೆ ಚೌಕಾಸಿ ಎನ್ನುವುದು ಉಸಿರಾಟ ಇದ್ದ ಹಾಗೆ. ಬೇಕೆಂದು ಮಾಡುವುದಲ್ಲ, ಆಗುತ್ತಿರುತ್ತದೆ. ಒಮ್ಮೆ ಹಲ್ಲು ಕೀಳಿಸಲು ಹೋದವನು, ಎರಡು ಕಿತ್ತರೆ ಎಷ್ಟು ಬಿಡುತ್ತೀರಿ ಎಂದು ಡಾಕ್ಟರನ್ನು ಕೇಳಿ, ಅವರು ಹೇಳಿದ ದರ ಭಾರಿ ಹಿಡಿಸಿ, ಗಟ್ಟಿಯಾಗಿದ್ದ ಹಲ್ಲನ್ನೂ ಬಿಟ್ಟು ಬರುವುದರಲ್ಲಿದ್ದೆ.

ಈಗ ಕಾರಿನ ವಿಷಯ. ನನಗಿಂತ ಹಿರಿಯದು. ಗುಂಡನೆಯ ದೀಪ, ಉಬ್ಬಿದ ಕೆನ್ನೆ, ಸೋಫಾದಂಥ ಸೀಟು. ಪುಣೆಯ ಕ್ಯಾಂಪ್ ಪೇಟೆಯ ವೃದ್ಧರೊಬ್ಬರಿಂದ ಕೊಂಡದ್ದು. ನನ್ನ ಹೆಂಡತಿ ಶಾಂತಾ ಅದಕ್ಕೆ ‘ಮುತ್ಯಾ’ ಎಂದು ಹೆಸರಿಟ್ಟಳು. ಅಜ್ಜನ ಹೆಸರಿಟ್ಟರೂ ಅಜ್ಜನ ಮರ್ಯಾದೆ ಕೊಡಲಿಲ್ಲ. ನಮ್ಮ ಸೊಸೈಟಿಯಲ್ಲಿ ಮನೆಗೆ ಒಂದೇ ಪಾರ್ಕಿಂಗ್. ಅಲ್ಲಿ ಮುತ್ಯಾ ಎಣ್ಣೆ ತೊಟ್ಟಿಕ್ಕಿಸುತ್ತ ಕೂತಿದ್ದರೆ, ಅವಳು ಆಸೆಪಟ್ಟಿದ್ದ ಎಸಿ ಕಾರಿಗೆ ಜಾಗವಿಲ್ಲ. ಒಂದು ದಿನ ತಟ್ಟೆಗೆ ರೊಟ್ಟಿ ಹಾಕುತ್ತಲೇ ತೀರ್ಪು ಕೊಟ್ಟಳು.

“ಬರ್ಫ ನೋಡಬೇಕಂತ ಮದುವ್ಯಾದಾಗಿಂದ ಹೇಳ್ಲಿಕತ್ತೀನಿ. ಮುತ್ಯಾನ ಮ್ಯಾಲ ಅಷ್ಟು ನಂಬಿಕಿ ಅದ ಅಂದ್ರ ಅದರಾಗ ಕರಕೊಂಡು ಹೋಗ್ರಿ. ತನ್ನ ಗಾಲಿ ಮ್ಯಾಲ ತಾ ಹೋಗಿ ಬಂತಂದ್ರ ಪಾರ್ಕಿಂಗ್ ಅದರದು. ಲಾರಿ ಮ್ಯಾಲ ಮಕ್ಕೊಂಡು ಬಂತಂದ್ರ ಆ ಲಾರಿ ಸೀದಾ ಗುಜರಿ ಅಂಗಡಿಗೆ.”

“ಗುಜರಿಗೇನಽ?”

“ಮತ್ತೇನ್ ಮ್ಯೂಸಿಯಮ್ಮಿಗೇನ್ರಿ?”

ಒಪ್ಪಿಕೊಂಡೆ. ಆದರೆ ಹಿಮ ಎಂದರೆ ಏನು, ಅದು ಕಾರಿಗೆ ಏನು ಮಾಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಮಾಲನ್ನು ಮುಟ್ಟಿ ನೋಡದೆ ಕೊಳ್ಳುವವನು ನಾನಲ್ಲ. ಪುಣೆಯಲ್ಲಿ ಹಿಮ ಎಲ್ಲಿ ಸಿಗಬೇಕು? ಫ್ರಿಜ್ಜಿನಲ್ಲಿ. ಮೇಲಿನ ಖಾನೆಯಲ್ಲಿದ್ದ ಬಟಾಣಿ ಚೀಲವನ್ನು ಸರಿಸಿ ಒಂದು ಬಟ್ಟಲಲ್ಲಿ ಇಂಜಿನ್ ಆಯಿಲ್, ಒಂದರಲ್ಲಿ ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟ್, ಒಂದು ಗಾಜಿನ ಬಾಟಲಿಯಲ್ಲಿ ಬರೀ ನೀರು ಇಟ್ಟೆ. ಬೆಳಿಗ್ಗೆ ನೋಡಿದರೆ ಎಂಥ ವಿಚಿತ್ರ! ಆಯಿಲ್ ಬೆಲ್ಲದ ಪಾಕದಂತೆ ಎಳೆ ಬಿಡುತ್ತಿತ್ತು. ನೀರಿನ ಬಾಟಲಿ ಉದ್ದಕ್ಕೆ ಸೀಳಿಹೋಗಿತ್ತು. ಕೂಲಂಟ್ ಮಾತ್ರ ತನಗೇನೂ ಸಂಬಂಧವಿಲ್ಲ ಎನ್ನುವಂತೆ ತುಳುಕುತ್ತಿತ್ತು. ಇಷ್ಟು ವರ್ಷ ‘ನಲ್ಲಿ ನೀರಿಗೆ ಬಣ್ಣ ಹಾಕಿ ಮಾರುತ್ತಾರೆ’ ಎಂದು ಬೈಯುತ್ತಿದ್ದ ವಸ್ತುವಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಸೀಳಿದ್ದು ಬಾಟಲಿಯ ಬದಲು ಇಂಜಿನ್ ಆಗಿದ್ದರೆ ಎಂದುಕೊಂಡು ಗಾಜಿನ ಚೂರು ಆಯತೊಡಗಿದೆ. ಆ ಹೊತ್ತಿಗೆ ಶಾಂತಾ ಅಡುಗೆಮನೆಗೆ ಬಂದಳು.

“ರೀ, ಈ ಹಸರು ನೀರು ಏನ್ರಿ? ಖಸ್ ಸರಬತ್ತೇನು?”

“ಮುಟ್ಟಬ್ಯಾಡ! ಅದು ವಿಷ!”

“ವಿಷಾನ ಬಟಾಣಿ ಬಾಜೂಕ ಇಡ್ತೀರಿ? ಫ್ರಿಜ್ಜಿನಾಗ ಒಂದ್ ಗ್ಯಾರೇಜು ಹಾಕ್ರಿ, ನಾ ಅಡಿಗಿ ನಿಮ್ಮ ಡಿಕ್ಕಿಯೊಳಗ ಮಾಡ್ತೀನಿ.”

ಪರೀಕ್ಷೆ ಮುಗಿಸಿ, ಫ್ರಿಜ್ಜು ತೊಳೆದು (ನಾನೇ ತೊಳೆದೆ), ತೆಳು ಆಯಿಲ್, ಹೊಸ ಕೂಲಂಟ್, ಹೊಸ ಬ್ಯಾಟರಿ ಹಾಕಿಸಿಕೊಂಡು ಉತ್ತರಕ್ಕೆ ಹೊರಟೆವು. ಮುತ್ಯಾ ಅವಸರ ಮಾಡಲಿಲ್ಲ. ಟ್ರ್ಯಾಕ್ಟರುಗಳು ನಮ್ಮನ್ನು ದಾಟಿ, ತಿರುಗಿ ನೋಡಿ, ನಕ್ಕು ಹೋದವು. ಆದರೆ ಹಿಮಾಚಲದ ಬೆಟ್ಟ ಹತ್ತಿ ಒಂದು ತಿರುವು ದಾಟಿದಾಗ ಎದುರಿಗೆ ಎಲ್ಲವೂ ಬೆಳ್ಳಗೆ! ಶಾಂತಾ ಕೆಳಗಿಳಿದು ಒಂದು ಹಿಡಿ ಹಿಮ ತೆಗೆದುಕೊಂಡು, ಮೂಸಿ ನೋಡಿ, ನಾಲಿಗೆಗೆ ತಾಗಿಸಿ, “ಏನೂ ರುಚಿ ಇಲ್ಲ” ಎಂದಳು. ಆಮೇಲೆ ಬಹಳ ಹೊತ್ತು ಅದನ್ನು ಕೈಯಿಂದ ಬಿಡಲಿಲ್ಲ. ಜಾರದಿರಲೆಂದು ನಾನು ಗಾಲಿಗೆ ಸರಪಳಿ ಸುತ್ತಿದೆ. ಹಿಮದ ಮೇಲೆ ಕಾರು ಓಡಿಸುವುದೆಂದರೆ ಸಾಬೂನು ಹಚ್ಚಿದ ಬಚ್ಚಲಿನಲ್ಲಿ ತುಂಬಿದ ಕೊಡ ಹೊತ್ತು ನಡೆದ ಹಾಗೆ. ಬ್ರೇಕು ಮುಟ್ಟಿದರೆ ಕಾರು ಬೇರೆಯವರ ಮಾತು ಕೇಳತೊಡಗುತ್ತದೆ.

ಸಂಜೆ ಒಂದು ಹೋಟೆಲಿನ ಇಳಿಜಾರು ಅಂಗಳದಲ್ಲಿ ನಿಲ್ಲಿಸಿದೆವು. “ಜಾರಿ ಕೆಳಗ ಹೋಗೂದಿಲ್ಲಲ್ಲ?” ಎಂದು ಶಾಂತಾ ಕೇಳಿದಳು. ಪುಣೆಯ ಕಾತ್ರಜ್ ಘಾಟಿನಲ್ಲಿ ಕಾರು ಕಲಿತವನು ನಾನು. ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಕಿತ್ತು ಬರುವಂತೆ ಎಳೆದು ತೋರಿಸಿದೆ. ಅಲ್ಲೇ ಕೆಲಸ ಕೆಟ್ಟಿತು.

ಬೆಳಿಗ್ಗೆ ಇಂಜಿನ್ ಮೊದಲ ಏಟಿಗೇ ಚಾಲೂ ಆಯಿತು. ನಾನು ಮೀಸೆ ತಿರುವಿದೆ. ಹ್ಯಾಂಡ್‌ಬ್ರೇಕ್ ಇಳಿಸಿ ಕ್ಲಚ್ ಬಿಟ್ಟೆ, ಇಂಜಿನ್ ಗಪ್ಪಾಯಿತು. ಮತ್ತೆ ಚಾಲೂ, ಮತ್ತೆ ಗಪ್ಪು. ಬಗ್ಗಿ ನೋಡಿದಾಗ ತಿಳಿಯಿತು: ಹಿಂದಿನ ದಿನ ಒದ್ದೆಯಾಗಿದ್ದ ಬ್ರೇಕುಗಳು, ಎಳೆದು ಕಟ್ಟಿದ ಸ್ಥಿತಿಯಲ್ಲೇ ರಾತ್ರಿ ಹೆಪ್ಪುಗಟ್ಟಿ ಹಿಂದಿನ ಎರಡೂ ಗಾಲಿಗಳನ್ನು ಕಚ್ಚಿ ಹಿಡಿದಿದ್ದವು. ಫ್ರಿಜ್ಜಿನಲ್ಲಿ ಎಲ್ಲವನ್ನೂ ಇಟ್ಟು ನೋಡಿದ್ದೆ, ಬ್ರೇಕ್ ಒಂದನ್ನು ಬಿಟ್ಟು.

“ಕೊಬ್ಬರಿಎಣ್ಣಿ ಹೆಪ್ಪುಗಟ್ಟಿದ್ರ ಏನ್ ಮಾಡ್ತೀವ್ರಿ? ಬಿಸಿಲಿಗೆ ಇಡ್ತೀವಿ. ಸುಮ್ಮ ಕಾಯ್ರಿ,” ಎಂದು ಶಾಂತಾ ಚಹಾ ಕುಡಿಯಲು ಒಳಗೆ ಹೋದಳು.

ಕಾಯುವುದು ನನಗೆ ಬರುವುದಿಲ್ಲ. ಅಂಗಳದಲ್ಲಿ ಒಂದು ಲಾರಿ ನಿಂತಿತ್ತು, ನಮ್ಮ ಕಡೆಯ ಎಂ.ಎಚ್. ೧೪ ನಂಬರಿನದು! ಚಾಲಕ ಬಬನ್, ಪುಣೆ ಬಳಿಯ ಚಾಕಣದವನು. ಯಂತ್ರದ ಸಾಮಾನು ಇಳಿಸಿ, ಹಿಂತಿರುಗಲು ಲೋಡು ಹುಡುಕುತ್ತಿದ್ದ. ಅಷ್ಟು ದೂರದ ಚಳಿಯಲ್ಲಿ ಮರಾಠಿ ಕಿವಿಗೆ ಬಿದ್ದದ್ದೇ ನನಗೆ ಮಾರ್ಕೆಟ್ ಯಾರ್ಡಿಗೆ ಬಂದಷ್ಟು ಉಮೇದು ಬಂತು. “ಕಾಯ್ ಶೇಠ, ಗಾಡಿ ಕೆಟ್ಟಿತಾ? ಹೇರಿಕೊಂಡು ಪುಣೆಗೆ ಒಯ್ಯಲಾ?” ಎಂದು ಅವನು ಮರಾಠಿಯಲ್ಲಿ ಕೇಳಿದ. ಬೇಡ ಎಂದರೆ ಮುಗಿಯುತ್ತಿತ್ತು. ನಾನು “ಎಷ್ಟು?” ಎಂದೆ. ಕಾರು ಹೇರುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಹೇರಿದರೆ ಮುತ್ಯಾ ಗುಜರಿಗೆ. ಬರೀ ಇಲ್ಲಿಯ ದರ ಹೇಗಿದೆ ಎಂಬ ಕುತೂಹಲ. ಎಪ್ಪತ್ತು ಸಾವಿರ ಎಂದ. ನಾನು ನಕ್ಕೆ. ಅವನು ಡೀಸೆಲ್ ಲೆಕ್ಕ ಹೇಳಿದ. ಖಾಲಿ ಹೋದರೂ ಡೀಸೆಲ್ ಸುಡುತ್ತದಲ್ಲ ಎಂದೆ. ಅವನು ಚಳಿ ಎಂದ, ನಾನು ‘ಒಂದೇ ಊರಿನವರಲ್ಲವೇ’ ಎಂದೆ. ಎದ್ದು ಹೋದಂತೆ ಮಾಡಿದೆ, ಕರೆದ. ಅವನು ಹೋದಂತೆ ಮಾಡಿದ, ನಾನು ಕರೆಯಲಿಲ್ಲ, ತಾನೇ ಬಂದ. ಮೂವತ್ತೆಂಟು ಸಾವಿರಕ್ಕೆ ನಿಂತಿತು. “ಆಯಿತು ಶೇಠ, ಒಪ್ಪಿದೆ” ಎಂದು ನನ್ನ ಕೈ ಹಿಡಿದು, ಅಲ್ಲೇ ಫೋನು ತೆಗೆದು, ಬೇರೆ ಯಾರೋ ಕೊಡಲಿದ್ದ ಲೋಡನ್ನು ನನ್ನೆದುರಿಗೇ ಬೇಡವೆಂದುಬಿಟ್ಟ.

ಅದೇ ಹೊತ್ತಿಗೆ ಅಂಗಳಕ್ಕೆ ಬಿಸಿಲು ಬಂತು. ಮುತ್ಯಾನ ಹಿಂದಿನ ಗಾಲಿಗಳಿಂದ ‘ಟಕ್’ ಎಂದು ಒಂದು ಸದ್ದು, ಇನ್ನೊಂದು ಸದ್ದು. ಕೂತು ಕ್ಲಚ್ ಬಿಟ್ಟರೆ ಮದುವಣಿಗನಂತೆ ಮುಂದೆ ನಡೆಯಿತು. ಕಾರು ನಿಲ್ಲಿಸಿ ಕೆಳಗಿಳಿದೆ. ದರ ಕುದುರಿಸಿ ಕೈಕೊಟ್ಟ ಮೇಲೆ ಒಲ್ಲೆ ಎಂದವನಿಗೆ ಭೋಸರಿಯಲ್ಲಿ ಚಹಾ ಕೂಡ ಯಾರೂ ಕೊಡುವುದಿಲ್ಲ. ಅದರ ಮೇಲೆ ಆ ಮನುಷ್ಯ ನನ್ನನ್ನು ನಂಬಿ ಕೈಗೆ ಬಂದ ಮಾಲು ಬಿಟ್ಟಿದ್ದ. ಮಾತು ಉಳಿಸಿಕೊಂಡರೆ ಮುತ್ಯಾ ಹೋಯಿತು, ಮುತ್ಯಾನನ್ನು ಉಳಿಸಿಕೊಂಡರೆ ಮಾತು ಹೋಯಿತು. ಶಾಂತಾಗೆ ಹೇಳದೆ ವಿಧಿ ಇರಲಿಲ್ಲ.

“ನಡಿಯೋ ಗಾಡಿ ಹೇರಲಿಕ್ಕೆ ದರ ಕೇಳಿದ್ರಿ?”

“ಆಗ ನಡೀತಿದ್ದಿಲ್ಲ.”

“ನಾ ಬಿಸಿಲು ಬರೂತನಕ ಕಾಯ್ರಿ ಅಂದಿದ್ದೆ.”

“ಭಾಳ ಕಡಿಮಿಗೆ ಬಂದ, ಶಾಂತಾ...”

ಅವಳು ಹಣೆ ಬಡಿದುಕೊಂಡು ಬಬನ್‌ನತ್ತ ನಡೆದಳು. ಸುತ್ತಿ ಬಳಸಿ ಮಾತಾಡಲಿಲ್ಲ, ನಗಲಿಲ್ಲ, ಎದ್ದು ಹೋದಂತೆ ಮಾಡಲಿಲ್ಲ. “ದಾದಾ, ತಪ್ಪು ನಮ್ಮದು. ಬೆಟ್ಟ ಇಳಿಯುವತನಕ ನೀವು ಮುಂದೆ ಹೋಗಿ ದಾರಿ ಮಾಡಿಕೊಡಿ. ಕೆಳಗೆ ಬೇರೆ ಲೋಡು ಹಾಕಿಕೊಳ್ಳಿ. ಅರ್ಧ ಬಾಡಿಗೆ ಈಗಲೇ ಕೊಡುತ್ತೇವೆ,” ಎಂದು ಮರಾಠಿಯಲ್ಲಿ ಹೇಳಿದಳು. ಬಬನ್ “ಅಕ್ಕ ನ್ಯಾಯ ಹೇಳಿದರು” ಎಂದು ಲಾರಿ ಹತ್ತಿದ. ಒಂದೇ ಮಾತಿಗೆ ಅರ್ಧ! ನಾನು ಹತ್ತೊಂಬತ್ತು ಸಾವಿರ ಎಣಿಸಿ ಕೊಟ್ಟೆ.

ಆ ಇಳಿತ ಮಾತ್ರ ಅದ್ಭುತ. ರಾತ್ರಿ ಬಿದ್ದ ಹೊಸ ಹಿಮದಲ್ಲಿ ಲಾರಿಯ ಗಾಲಿಗಳು ಎರಡು ಕಪ್ಪು ಸಾಲು ಬಿಡುತ್ತ ಹೋದವು. ಮುತ್ಯಾ ಆ ಸಾಲು ಹಿಡಿದು ನೇಗಿಲ ಹಿಂದಿನ ಕೂರಿಗೆಯಂತೆ ನಡೆಯಿತು. ತಿರುವು ಬಂದಾಗಲೆಲ್ಲ ಬಬನ್ ಕೈ ಹೊರಗೆ ಹಾಕಿ ನಿಧಾನ ಎನ್ನುತ್ತಿದ್ದ. ಮುಂದೆ ಪುಣೆಯವರೆಗೂ ಮುತ್ಯಾ ಎಲ್ಲೂ ಮುನಿಯಲಿಲ್ಲ. ಸೊಸೈಟಿಯ ಗೇಟಿನಲ್ಲಿ ಶಾಂತಾ ತೀರ್ಪು ಓದಿದಳು: “ಮುತ್ಯಾ ತನ್ನ ಗಾಲಿ ಮ್ಯಾಲ ಬಂದದ. ಪಾರ್ಕಿಂಗ್ ಅದರದು. ಲಾರಿ ಗೊತ್ತುಮಾಡಿದವ್ರು ನೀವು, ಶಿಕ್ಷಾ ನಿಮಗ. ಇನ್ ಮ್ಯಾಲ ಎಲ್ಲೇ ಹೋದ್ರೂ ದರ ನಾ ಕೇಳ್ತೀನಿ, ನೀವು ಗಾಡ್ಯಾಗ ಕೂಡ್ರಿ.” ಅಂದಿನಿಂದ ಕೂತಿದ್ದೇನೆ.

ಆದ್ದರಿಂದ, ಹಳೆಯ ಕಾರಿನಲ್ಲಿ ಹಿಮಕ್ಕೆ ಹೊರಟವರಿಗೆ ನನ್ನ ಸಲಹೆ: ರೇಡಿಯೇಟರಿಗೆ ಬರೀ ನೀರು ಬೇಡ. ತೆಳು ಆಯಿಲ್ ಹಾಕಿಸಿ. ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಗಾಲಿಗಳಿಗೆ ಕಲ್ಲು ಕೊಡಿ. ಹೆಪ್ಪುಗಟ್ಟಿದರೆ ಬಿಸಿಲಿಗೆ ಕಾಯಿರಿ. ಮತ್ತು ಕಾಯುವಾಗ ಜೇಬಿನ ತುಂಬ ಹುರಿದ ಶೇಂಗಾ ಇರಲಿ, ತಿನ್ನುತ್ತಲೇ ಇರಿ. ಬಾಯಿ ಖಾಲಿಯಿದ್ದರೆ ದರ ಕೇಳುತ್ತದೆ.