ಆಯಿಯ ಆರು ತಾಸಿನ ಶಾಲೆ

ರಮಾಬಾಯಿಯವರಿಗೆ ಗೆಲುವಿಗಿಂತ ಪ್ರಿಯವಾದದ್ದು ಈ ಲೋಕದಲ್ಲಿ ಏನೂ ಇರಲಿಲ್ಲ. ಗಂಡ, ಮಗ, ಮೊಮ್ಮಕ್ಕಳು ಎಲ್ಲ ಆಮೇಲೆ. ಕಲಬುರಗಿಯ ಬ್ರಹ್ಮಪುರದ ಓಣಿಯಲ್ಲಿ ಇದನ್ನು ಯಾರೂ ಚಾಡಿ ಎಂದು ಹೇಳುತ್ತಿರಲಿಲ್ಲ. ಅವರ ರಸಾಯನಶಾಸ್ತ್ರದ ಪಿಎಚ್.ಡಿ.ಯ ಹಾಗೆ, ಕಾಲಿನ ಬಾವಿನ ಹಾಗೆ, ಅದೂ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಾಲೇಜಿನ ಪ್ರಿನ್ಸಿಪಾಲರಾಗಿದ್ದಷ್ಟು ಕಾಲ ಇಲಾಖೆಯ ಜೊತೆ ಜಗಳವಾಡಿ ಗೆದ್ದರು. ನಿವೃತ್ತಿಯಾದ ಮೇಲೆ ಇಲಾಖೆ ಕೈಗೆ ಸಿಗಲಿಲ್ಲ. ಸೊಸೆ ಸಿಕ್ಕಳು.

ಸೊಸೆ ವಿಜಯಶ್ರೀ, ಮಗ ಗೌತಮನ ಜೊತೆ ಕಮಲಾಪುರದಲ್ಲಿ ಇದ್ದಳು. ಅವರ ಮಗಳು ಯಶೋಧರೆಗೆ ದಿನಾ ಬೆಳಿಗ್ಗೆ ಯೂನಿಫಾರ್ಮ್ ಕಂಡ ಕೂಡಲೇ ಹೊಟ್ಟೆನೋವು ಬರುತ್ತಿತ್ತು. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲವೆಂದರು. ವಿಜಯಶ್ರೀ ಮಗಳನ್ನು ಶಾಲೆ ಬಿಡಿಸಿದಳು, ಚಿಕ್ಕವನಾದ ಆನಂದಕುಮಾರನನ್ನು ಸೇರಿಸಲೇ ಇಲ್ಲ. ಇಬ್ಬರಿಗೂ ತಾನೇ ಮನೆಯಲ್ಲಿ ಪಾಠ ಹೇಳತೊಡಗಿದಳು.

ಇದನ್ನು ಕಣ್ಣಾರೆ ನೋಡಲು ರಮಾಬಾಯಿ ಒಂದು ದಿನ ಕಮಲಾಪುರಕ್ಕೆ ಹೋದರು. ಬೆಳಿಗ್ಗೆ ಹತ್ತು ಗಂಟೆಗೆ ಮೊಮ್ಮಕ್ಕಳಿಬ್ಬರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೆಂಪು ಬಾಳೆಹಣ್ಣು ತಿನ್ನುತ್ತಿದ್ದರು.

"ಸಾಲಿ?"

"ಮುಗೀತ್ರೀ ಅತ್ತಿ," ಎಂದಳು ವಿಜಯಶ್ರೀ.

"ಹತ್ತಕ್ಕ ಮುಗೀತಾ? ಸುರು ಆಗಿದ್ದು ಯಾವಾಗ?"

"ಒಂಬತ್ತಕ್ಕ."

ರಮಾಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯುದ್ಧಕ್ಕೆ ಮೊದಲು ಅವರು ಊದುವ ಶಂಖ ಅದೇ.

"ಆರು ತಾಸು ಕಲಿಸಬೇಕು. ಒಂದು ತಾಸಿನಾಗ ಏನು ಬರ್ತದ ಮಕ್ಕಳಿಗೆ? ಆಕಳಿಕೆ ಬರ್ತದ."

"ನಾನೂ ಸಾಲಿಯಾಗ ಆರು ತಾಸು ಕಲಿಸಿದಾಕೀನೇ ಅತ್ತಿ. ಹಾಜರಿ, ಸಾಲಾಗಿ ನಿಲ್ಲೋದು, 'ಸುಮ್ಮಕ ಕೂಡ್ರಿ' ಅನ್ನೋದು, ಇವನ್ನೆಲ್ಲ ತೆಗೆದರ ಉಳಿಯೋದು ಒಂದೇ ತಾಸು. ಆ ಒಂದು ತಾಸು ಮನ್ಯಾಗ ಕೊಡಲಕತ್ತೀನಿ."

"ನಮ್ಮಪ್ಪ ಸಾಲಿ ಹೊರಗ ಕಿಟಕಿ ಕೆಳಗ ನಿಂತು ಅಕ್ಷರ ಕಲಿತಾನ. ಒಳಗ ಕಾಲಿಡಲಿಕ್ಕೆ ನಮ್ಮ ಮನೆತನಕ್ಕ ಎಷ್ಟು ತಲೆಮಾರು ಹಿಡೀತು, ಗೊತ್ತದ ಏನು ನಿನಗ? ನೀನಾಗೇ ಮಕ್ಕಳ ಕೈ ಹಿಡಕೊಂಡು ಹೊರಗ ಬಂದೀ."

ವಿಜಯಶ್ರೀ ಬಗ್ಗಿ ಮಕ್ಕಳು ಬಿಸಾಕಿದ ಬಾಳೆಸಿಪ್ಪೆ ಎತ್ತತೊಡಗಿದಳು. ಆ ಬಗ್ಗಿದ ತಲೆಯನ್ನು ರಮಾಬಾಯಿ ಅರ್ಧ ಗೆಲುವೆಂದು ಲೆಕ್ಕ ಹಿಡಿದರು. ಉಳಿದ ಅರ್ಧಕ್ಕೆ ಅಲ್ಲೇ ಕರಾರು ಮಾಡಿದರು. ಒಂದು ವಾರ ಮಕ್ಕಳು ಬ್ರಹ್ಮಪುರದಲ್ಲಿ ಇರತಕ್ಕದ್ದು. ಆರು ತಾಸಿನ ಶಾಲೆಯನ್ನು ಆಯಿ, ಅಂದರೆ ಅಜ್ಜಿ, ನಡೆಸತಕ್ಕದ್ದು. ವಾರದ ಕೊನೆಗೆ ಉಮ್ಮೆ ಹಾನಿ ಎಂಬಾಕೆ ಬಂದು ನೋಡಿ ತೀರ್ಪು ಹೇಳತಕ್ಕದ್ದು. ಉಮ್ಮೆ ಹಾನಿ ಒಂದು ಕಾಲಕ್ಕೆ ರಮಾಬಾಯಿಯವರ ವಿದ್ಯಾರ್ಥಿನಿ, ಈಗ ಜಗತ್ ವೃತ್ತದ ಹತ್ತಿರದ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಆಕೆ ಸೈ ಎಂದರೆ ಮಕ್ಕಳಿಬ್ಬರೂ ಜೂನ್‌ನಲ್ಲಿ ಆ ಶಾಲೆಗೆ.

"ಆಕಿ ಬ್ಯಾಡ ಅಂದ್ರ?" ಎಂದಳು ವಿಜಯಶ್ರೀ.

"ಅನ್ನಾಂಗಿಲ್ಲ."

"ಆತು. ಮಾತು ಕೊಟ್ಟೀನಿ," ಎಂದಳು ಸೊಸೆ.

ಬ್ರಹ್ಮಪುರದ ಮನೆಯ ನಡುಮನೆ ಮರುದಿನವೇ ವಿದ್ಯಾಪೀಠವಾಯಿತು. ಪತಿ ಗುಂಡಣ್ಣನವರು ಜವಾನರಾಗಿ ನೇಮಕಗೊಂಡರು. ಅವರ ಕೈಗೆ ಒಂದು ಹಿತ್ತಾಳೆ ತಾಟು, ಒಂದು ಸೌಟು. ಅವಧಿ ಮುಗಿದಾಗ ಬಾರಿಸಬೇಕು. ಪಾಠ ನಡೆದಾಗ ಯಾರನ್ನೂ ಒಳಗೆ ಬಿಡಬಾರದು, ತಾವೂ ಬರಬಾರದು.

"ಚಹಾಕ್ಕರ ಬರಬಹುದಾ?" ಎಂದು ಗುಂಡಣ್ಣ ಕೇಳಿದರು.

"ಜವಾನರು ಹೊರಗ ಕುಡೀತಾರ."

ಮಕ್ಕಳಿಗೂ ನಿಯಮಗಳಿದ್ದವು. ಬೆಂಚಿನಿಂದ ಏಳಬಾರದು. ನಡುವೆ ಬಾಯಿ ಹಾಕಬಾರದು. ಏನಾದರೂ ಹೇಳುವುದಿದ್ದರೆ ಕೈ ಎತ್ತಬೇಕು, ಆಯಿ "ಹೇಳು" ಎನ್ನುವ ತನಕ ಕಾಯಬೇಕು. ಮೊದಲ ದಿನ ಆನಂದಕುಮಾರ ನಡುಪಾಠದಲ್ಲಿ ಎದ್ದು ಬೆಕ್ಕು ನೋಡಲು ಹೋದ. ಎರಡನೆಯ ದಿನ ಬೆಕ್ಕೇ ನೋಡಲು ಬಂತು, ಅದನ್ನೂ ಹೊರಗೆ ಹಾಕಲಾಯಿತು. ವಾರ ಕಳೆಯುವಷ್ಟರಲ್ಲಿ ಇಬ್ಬರೂ ಗೋಡೆಗೆ ಹಾಕಿದ ಫೋಟೋದ ಹಾಗೆ ಕೂಡಲು ಕಲಿತರು. ರಮಾಬಾಯಿ ಫೋನಿನಲ್ಲಿ ಮಗನಿಗೆ, "ಬಾ, ಬಂದು ನೋಡು," ಎಂದರು.

ತೀರ್ಪಿನ ದಿನ ಉಮ್ಮೆ ಹಾನಿ ಹೇಳಿದ ಸಮಯಕ್ಕೆ ಬಂದು ಹಿಂದಿನ ಖುರ್ಚಿಯಲ್ಲಿ ಕೂತಳು. ಕೂದಲು ನರೆತಿದ್ದರೂ ಆ ಖುರ್ಚಿಯಲ್ಲಿ ಕೂತ ಕೂಡಲೇ ಬಿ.ಎಸ್ಸಿ. ಮೊದಲ ವರ್ಷದವಳಾದಳು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿದಳು. ರಮಾಬಾಯಿ ಬಾತ ಕಾಲುಗಳನ್ನು ಮಣೆಯ ಮೇಲಿಟ್ಟು, ಓದುವ ಕನ್ನಡಕ ಏರಿಸಿ, ಉಕ್ತಲೇಖನ ಶುರು ಮಾಡಿದರು. ಆ ಕನ್ನಡಕದಲ್ಲಿ ಪುಸ್ತಕದ ಅಕ್ಷರ ಬಿಟ್ಟರೆ ಉಳಿದ ಪ್ರಪಂಚವೆಲ್ಲ ಮಂಜು.

ಅಷ್ಟರಲ್ಲಿ ಓಣಿಯಲ್ಲಿ ಕೂಗು ಎದ್ದಿತು. "ನಳ ಬಂದಾವ! ನಳ ಬಂದಾವ!"

ಕಲಬುರಗಿಯಲ್ಲಿ ಈ ಕೂಗಿಗೆ ಸ್ನಾನಕ್ಕೆ ಕೂತವರೂ ಎದ್ದು ಓಡುತ್ತಾರೆ. ವಾರಗಟ್ಟಲೆ ಹಾದಿ ಕಾದ ನೀರು ಅದು, ಎಷ್ಟು ಹೊತ್ತು ಇರುತ್ತದೆಂದು ಬಿಟ್ಟವನಿಗೂ ಗೊತ್ತಿರುವುದಿಲ್ಲ. ಹೀಗಾಗಿ ಎಲ್ಲರಂತೆ ರಮಾಬಾಯಿಯೂ ಹಿತ್ತಲಿನ ನಳ ತೆರೆದೇ ಇಟ್ಟು, ಪೈಪನ್ನು ಡ್ರಮ್ಮಿಗೆ ಇಳಿಬಿಟ್ಟಿದ್ದರು. ಆದರೆ ಅವರ ಲೆಕ್ಕದ ಪ್ರಕಾರ ನೀರು ನಾಳೆ ಬರಬೇಕಿತ್ತು. ನಿಯಮ ಮೀರಿ ಇವತ್ತೇ ಬಂದ ನೀರಿಗಾಗಿ ತರಗತಿ ನಿಲ್ಲಿಸುವುದು ಸಾಧ್ಯವಿಲ್ಲ. ಅವರು ಯಶೋಧರೆಯಿಂದ ಕಿಟಕಿ ಮುಚ್ಚಿಸಿ ಮುಂದಿನ ವಾಕ್ಯ ಓದಿದರು.

ನೀರು ಅಂದು ವಿಪರೀತ ಜೋರಿನಿಂದ ಬಂದಿತ್ತು. ಪೈಪು ಡ್ರಮ್ಮಿನೊಳಗೆ ಒಂದು ಸುತ್ತು ಹೊರಳಿ, ಹೆಡೆ ಎತ್ತಿ, ಹೊರಕ್ಕೆ ಹಾರಿ, ಅಡಿಗೆಮನೆಯ ಬಾಗಿಲಿಗೆ ಮುಖ ಮಾಡಿ ಬಿದ್ದಿತು. ನೀರು ಜೋಳದ ಚೀಲವನ್ನು ತೋಯಿಸಿತು. ಮಲಗುವ ಖೋಲಿಗೆ ಹೋಗಿ ಗಾದಿ ತೋಯಿಸಿತು. ರಮಾಬಾಯಿಯವರ ಪಿಎಚ್.ಡಿ. ಪ್ರಬಂಧ ಕಪಾಟಿನ ಕೆಳಗಿನ ಖಾನೆಯಲ್ಲಿತ್ತು, ಅದನ್ನೂ ಮಾತಾಡಿಸಿ ನಡುಮನೆಗೆ ಬಂತು.

ಆನಂದಕುಮಾರ ಕೈ ಎತ್ತಿದ.

"ಪ್ರಶ್ನೆ ಕಡೀಕ," ಎಂದರು ರಮಾಬಾಯಿ.

ಯಶೋಧರೆಯೂ ಕೈ ಎತ್ತಿದಳು.

"ಕಡೀಕ ಅಂದ್ನಲ್ಲ."

ಉಮ್ಮೆ ಹಾನಿ ಸದ್ದಾಗದಂತೆ ಚಪ್ಪಲಿ ಎತ್ತಿ ಚೀಲದಲ್ಲಿ ಹಾಕಿಕೊಂಡು, ಕಾಲು ಮೇಲೆ ಮಡಚಿ ಕೂತಳು. ರಮಾಬಾಯಿ ಮೇಡಂ ಪಾಠ ಮಾಡುವಾಗ ಆಕೆ ಹಿಂದೆಯೂ ಮಾತಾಡಿರಲಿಲ್ಲ.

ಇತ್ತ ಮುಂಬಾಗಿಲಲ್ಲಿ ಪಕ್ಕದ ಮನೆಯ ಭಾಗಮ್ಮ ಬಂದು ಗುಂಡಣ್ಣನವರ ಮುಂದೆ ನಿಂತಿದ್ದಳು.

"ಕಾಕಾ, ನಿಮ್ಮ ಹಿತ್ತಲದಾಗಿಂದ ನೀರು ನಮ್ಮ ಅಂಗಳಕ್ಕ ಹರಿಲಕತ್ತಾವ. ಜರಾ ಒಳಗ ಹೇಳ್ರಿ."

"ಕ್ಲಾಸ್ ನಡದದವ್ವ. ಈಗ ಯಾರನ್ನೂ ಬಿಡಾಂಗಿಲ್ಲ."

"ನೀರಿಗಿ ನೀವು ಬಿಡಾಂಗಿಲ್ಲ ಅಂತ ಗೊತ್ತದ ಏನ್ರಿ?"

"ತಾಟು ಬಾರಿಸಿದ ಮ್ಯಾಲ ಬಾರವ್ವ. ನನ್ನ ನೌಕರಿ ಹೋಗ್ತದ."

ಕೊನೆಗೆ ವೇಳೆಯಾಯಿತು. ಗುಂಡಣ್ಣ ತಾಟು ಬಾರಿಸಿದರು. ರಮಾಬಾಯಿ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಗತ್ತಿನಿಂದ ಹೇಳಿದರು: "ಈಗ ಪ್ರಶ್ನೆ."

"ಆಯಿ, ನೀರು ಬಂದಾವ," ಎಂದ ಆನಂದಕುಮಾರ.

"ನನ್ನದೂ ಅದೇ ಇತ್ತು," ಎಂದಳು ಯಶೋಧರೆ.

ರಮಾಬಾಯಿ ಮಣೆಯಿಂದ ಕಾಲು ಇಳಿಸಿದರು. ನೀರು ತಣ್ಣಗೆ ಪಾದ ಮುಚ್ಚಿತು. ನಿವೃತ್ತ ಪ್ರಿನ್ಸಿಪಾಲರು ಸೀರೆ ಎತ್ತಿ ಕಟ್ಟಿ ಹಿತ್ತಲಿಗೆ ಓಡಿದರು. ಅವರು ನಳ ಬಂದ್ ಮಾಡಲು ಕೈ ಇಡುವುದಕ್ಕೂ ನೀರು ತಾನೇ ನಿಲ್ಲುವುದಕ್ಕೂ ಸರಿಹೋಯಿತು. ಡ್ರಮ್ಮಿನಲ್ಲಿ ತಳ ಮುಚ್ಚುವಷ್ಟೂ ನೀರಿರಲಿಲ್ಲ. ಬ್ರಹ್ಮಪುರದಲ್ಲಿ ಆ ದಿನ ಮನೆ ತುಂಬ ನೀರಿದ್ದೂ ಕುಡಿಯಲು ನೀರಿಲ್ಲದ ಮನೆ ಅದೊಂದೇ.

ಕಮಲಾಪುರದ ಬಸ್ಸಿಳಿದು ವಿಜಯಶ್ರೀ ಬಾಗಿಲಿಗೆ ಬಂದಾಗ, ಗುಂಡಣ್ಣ ಸೌಟು ಬಿಟ್ಟು ಕಸಬರಿಗೆ ಹಿಡಿದಿದ್ದರು. ಏನಾಯಿತೆಂದು ಮಾವ ಎರಡು ಮಾತಿನಲ್ಲಿ ಹೇಳಿದರು. ವಿಜಯಶ್ರೀ ನಗಲಿಲ್ಲ. ಚೀಲ ಇಟ್ಟು, ಬಟ್ಟೆ ತಗೊಂಡು ನೆಲ ಒರೆಸಲು ಕೂತಳು. ರಮಾಬಾಯಿಗೆ ಆಕೆ ನಗದೇ ಇದ್ದದ್ದು ಹೆಚ್ಚು ಸಿಟ್ಟು ತಂದಿತು.

"ಏನಾದ್ರೂ ಹೇಳೋದಿದ್ರ ಹೇಳು. ಆದರೂ ಆರು ತಾಸು ಬೇಕೇ ಬೇಕು. ನಳಕ್ಕ ಬುದ್ಧಿ ಇಲ್ಲ ಅಂದ್ರ ಅದು ಶಿಕ್ಷಣದ ತಪ್ಪಲ್ಲ."

"ನಾ ಏನು ಹೇಳ್ಲಿ ಅತ್ತಿ. ತೀರ್ಪು ಅವರು ಹೇಳ್ತಾರ."

ಎಲ್ಲರೂ ಉಮ್ಮೆ ಹಾನಿಯ ಕಡೆ ತಿರುಗಿದರು. ಆಕೆಯ ಮುಖ ಅರಳಿತ್ತು.

"ಮೇಡಂ, ಮನಸ್ಸಿನ ಮಾತು ಹೇಳ್ತೀನ್ರಿ. ಕಾಲ ಬುಡಕ ನೀರು ಬಂದ್ರೂ ಹುಡುಗ ಕೈ ಇಳಿಸಲಿಲ್ಲ, ಬಾಯಿ ತೆಗೀಲಿಲ್ಲ. ಇಂಥ ಶಿಸ್ತು ನಮ್ಮ ಸಾಲಿಯಾಗ ಹತ್ತನೇ ಕ್ಲಾಸಿನವರಿಗೂ ಇಲ್ಲ. ಎರಡೂ ಸೀಟು ಪಕ್ಕಾ. ಹೆಸರು ಹೇಳ್ರಿ, ಬರಕೋತೀನಿ." ಆಕೆ ಫೋನ್ ತೆಗೆದಳು.

ವಿಜಯಶ್ರೀಯ ಕೈಯಲ್ಲಿನ ಬಟ್ಟೆ ಒಂದು ಕ್ಷಣ ನಿಂತು ಮತ್ತೆ ನೆಲದ ಮೇಲೆ ಓಡಾಡತೊಡಗಿತು. ಮಾತು ಕೊಟ್ಟಾಗಿತ್ತು.

ರಮಾಬಾಯಿ ಮೊಣಕಾಲ ತನಕ ತೊಯ್ದ ಸೀರೆಯಲ್ಲಿ ವೇದಿಕೆ ಏರಿದವರ ಹಾಗೆ ನಿಂತರು. "ಬರಕೋ. ಯಶೋಧರಾ ಗೌತಮ. ಆನಂದಕುಮಾರ..." ಎಂದವರು ಅಲ್ಲಿಗೇ ತಡೆದರು.

ಆನಂದಕುಮಾರ ಮತ್ತೆ ಕೈ ಎತ್ತಿ ನಿಂತಿದ್ದ. ಇನ್ನೊಂದು ಕೈಯಿಂದ ಚಡ್ಡಿ ಹಿಡಿದುಕೊಂಡಿದ್ದ.

"ಹೇಳು."

"ಆಯಿ, ಒಂದಕ್ಕ ಹೋಗ್ಲಿ?"

"ಯಾವಾಗಿಂದ ಬಂದದ?"

"ಇಂಗ್ಲಿಷ್ ಪಾಠ ನಡೆದಾಗಿಂದ."

ಇಂಗ್ಲಿಷ್ ಆಗಿ, ಲೆಕ್ಕ ಆಗಿ, ಉಕ್ತಲೇಖನ ಆಗಿತ್ತು.

"ಈಗ ಪಾಠ ಇಲ್ಲಲ್ಲ. ಮತ್ತ್ಯಾಕ ಕೇಳ್ತಿ?"

ಹುಡುಗನಿಗೆ ಪ್ರಶ್ನೆ ತಿಳಿಯಲಿಲ್ಲ. ಕೈ ಇಳಿಸದೆ, ಅಪ್ಪಣೆಗಾಗಿ ಅವರ ಮುಖ ನೋಡುತ್ತ ನಿಂತ.

ರಮಾಬಾಯಿ ಬಗ್ಗಿ ಆ ಸಣ್ಣ ಕೈಯನ್ನು ಹಿಡಿದು ಕೆಳಗಿಳಿಸಿದರು. "ಹೋಗು. ಮನ್ಯಾಗ ಇದನ್ನ ಯಾರಿಗೂ ಕೇಳಬಾರದು."

ಹುಡುಗ ನೀರು ಚಿಮ್ಮಿಸುತ್ತ ಓಡಿದ.

"ಮೇಡಂ, ಆನಂದಕುಮಾರ ಅಂತ ಬರದೀನ್ರಿ. ಮುಂದ?" ಎಂದಳು ಉಮ್ಮೆ ಹಾನಿ.

"ಅಳಿಸಿ ಹಾಕು. ಎರಡೂ."

"ಯಾಕ್ರೀ ಮೇಡಂ, ಗೆದ್ದೀರಲ್ಲ?"

"ಹೌದು, ಗೆದ್ದೀನಿ. ಸೋತೀನಿ ಅಂತ ಯಾರರ ಅಂದ್ರ ನೋಡು. ಗೆದ್ದ ಸೀಟು ನಂದು, ಬ್ಯಾಡ ಅನ್ನಾಕೀನೂ ನಾನೇ." ನಂತರ ಸೊಸೆಯ ಕಡೆ ತಿರುಗಿದರು. "ಒಂದು ತಾಸು ಅಂದ್ರ ಪೂರಾ ಒಂದು ತಾಸು ಕಲಿಸಬೇಕು. ನಾ ಫೋನ್ ಮಾಡಿ ನೋಡ್ತೀನಿ."

ಅಷ್ಟು ಹೇಳಿ, ವಿಜಯಶ್ರೀಯ ಕೈಯಿಂದ ಒದ್ದೆ ಬಟ್ಟೆ ಕಸಿದುಕೊಂಡು, ಬಾತ ಕಾಲು ಮಡಚಿ, ಸೊಸೆಯ ಪಕ್ಕ ನೆಲಕ್ಕೆ ಕೂತರು.