ಸೂನ್ ಅಂದರೆ ಎಷ್ಟು ಹೊತ್ತು

ಬೆಳಿಗ್ಗೆ ಯಜಮಾನರ ಡಬ್ಬಿಗೆ ಚಪಾತಿ ತುಂಬಿ, ಅವರ ಹಿಂದಿನ ದಿನದ ಶರಟನ್ನು ಒಗೆಯಲು ಹಾಕುವ ಮೊದಲು ಜೇಬು ತಡಕುವುದು ನನ್ನ ಪದ್ಧತಿ. ರೈಲಿನ ಪಾಸು ಮೆಷಿನ್ನಿಗೆ ಹೋಗಬಾರದಲ್ಲ, ಬೇರೆ ಉದ್ದೇಶವೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಇವತ್ತು ತೋಳಿನ ತುದಿಯಲ್ಲಿ ಕೆಂಪಗೆ ಏನೋ ಪುಡಿ ಅಂಟಿತ್ತು. ಮೂಸಿದೆ. ಬೆಳ್ಳುಳ್ಳಿ. ಬೆಳ್ಳುಳ್ಳಿಯ ವಾಸನೆಗೇ ತಲೆನೋವು ಎಂದು ನನ್ನ ಅಡುಗೆಮನೆಗೆ ಅದನ್ನು ಸೇರಿಸದ ಮೈಸೂರಿನ ಮನುಷ್ಯ ಇವರು. "ಇದೇನ್ರೀ?" ಎಂದೆ. "ಲೋಕಲ್‌ನಲ್ಲಿ ಯಾರದ್ದೋ ತಾಗಿರುತ್ತೆ ಕಣೆ" ಎನ್ನುತ್ತ ಶೂ ಹುಡುಕತೊಡಗಿದರು. ಶೂ ಕಾಲಲ್ಲೇ ಇತ್ತು.

ಎಲ್ಲಕ್ಕೂ ಮೂಲ ಒಂದು ಇಂಗ್ಲಿಷ್ ಪದ. ದಿನಾ ಸಂಜೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಅವರು ಮೊಬೈಲಿನಲ್ಲಿ "ಸೂನ್" ಎಂದು ಕಳಿಸುತ್ತಾರೆ. ನಾನೂ "ಅಡುಗೆಯೂ ಸೂನ್" ಎಂದು ಉತ್ತರಿಸಿ, ತಂಗಿಯ ಜೊತೆ ಫೋನಿನ ಮಾತು ಮುಂದುವರಿಸುತ್ತೇನೆ. ಸ್ಟೇಷನ್ನಿಗೂ ನಮ್ಮ ಬಿಲ್ಡಿಂಗಿಗೂ ನಡುವೆ ಅಂಥ ದೂರವೇನಿಲ್ಲ. ಆದರೂ ನಮ್ಮ ಮಾತು ಮುಗಿದು, ಸಾರು ಕುದಿದು ಇಳಿದ ಮೇಲೆಯೇ ಅವರ ಪ್ರವೇಶ. ನಡುವಿನ ಹೊತ್ತು ಇವರು ಯಾರ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುತ್ತಾರೆ?

ಸಂದೇಹ ಬಂದರೆ ಡಿಕ್ಷನರಿ ನೋಡಿ ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಗಂಡನ ಮೇಲೆ ಬಂದರೆ ಏನು ನೋಡಬೇಕೆಂದು ಸಿಸ್ಟರ್ ಹೇಳಿರಲಿಲ್ಲ. ಹಾಗಾಗಿ ಮಧ್ಯಾಹ್ನ ಡಿಕ್ಷನರಿಯನ್ನೇ ತೆಗೆದೆ. ಹಳೆಯ ಇಂಗ್ಲಿಷಿನಲ್ಲಿ ಸೂನ್ ಎಂದರೆ "ಈ ಕ್ಷಣವೇ" ಎಂದರ್ಥವಂತೆ. ಈ ಕ್ಷಣವೇ ಎಂದು ಹೇಳಿ ಹೇಳಿ ಜನ ತಡಮಾಡಿದ್ದಕ್ಕೆ, ಪಾಪ, ಆ ಪದ ಸವೆದು "ಇನ್ನು ಸ್ವಲ್ಪ ಹೊತ್ತಿಗೆ" ಆಯಿತು. ಜನ ಎಂದರೆ ಯಾರು, ಗಂಡಸರೇ. ಆ ಕಾಲದಲ್ಲೂ ಯಾವಳೋ ಒಬ್ಬಳು ಒಲೆಯ ಮುಂದೆ ಕಾದು ಕೂತಿರಬೇಕು. ಅವಳನ್ನು ನೆನೆದು ನನ್ನ ಕಣ್ಣು ಒದ್ದೆಯಾಯಿತು. ಈರುಳ್ಳಿಯೂ ಹೆಚ್ಚುತ್ತಿದ್ದೆ ಅನ್ನಿ.

ಸಂಜೆ "ಸೂನ್" ಬಂತು. ಎಂದಿನಂತೆ ಉತ್ತರ ಕಳಿಸಿದೆ. ಕುಕ್ಕರ್ ಆಮೇಲೆ ಇಟ್ಟರಾಯಿತು, ಇವತ್ತು ಹಿಡಿದೇ ಬಿಡೋಣವೆಂದು ಬಾಗಿಲಲ್ಲೇ ನಿಂತೆ. ಪಕ್ಕದ ಮನೆಯ ಸುನಂದಕ್ಕ, ವಿಜಯಪುರದವರು, ಕೊತ್ತಂಬರಿ ಕಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದರು. "ನಮ್ಮವರು ಎಲ್ಲಾದರೂ ಕಂಡರಾ?" ಎಂದು ಸುಮ್ಮನೆ ಕೇಳಿದವಳಂತೆ ಕೇಳಿದೆ.

ಅವರು ತಮ್ಮ ಬಾಗಿಲಿನ ಬೀಗ ತೆಗೆಯುತ್ತ, ನನ್ನ ಕಡೆ ನೋಡದೆಯೇ ಹೇಳಿದರು: "ಕೆಳಗ ಬೆಂಚಿನ ಮ್ಯಾಲೆ ಕುಂತು ಬಳ್ಳೊಳ್ಳಿ ಚಟ್ನಿಪುಡಿ ಹಚ್ಚಿದ ವಡಾಪಾವ್ ತಿನ್ನಾಕತ್ತಾರಲ್ರೀ, ದಿನಾದಂಗ. ಮ್ಯಾಲೆ ಬರ್ರಿ ಅಂದ್ರ, 'ಅಡುಗೆ ಸೂನ್ ಅಂತ ಈಗಷ್ಟೇ ಕಳಿಸಿದಾಳೆ, ಇನ್ನೂ ಕುಕ್ಕರೇ ಇಟ್ಟಿರಲ್ಲ' ಅಂದ್ರು."